ಚೌಕ ಹೆಣೆಯಲು ಹೋದರೆ ತ್ರಿಕೋನವಾಗುತ್ತದೆ, ಏಕೆ?

ಪ್ರಶ್ನೆ: ನನಗೆ 41 ವರ್ಷ. ಮೂರು ತಿಂಗಳಿಂದ ವಿಡಿಯೋಗಳನ್ನು ನೋಡಿ ಕ್ರೋಶಾ, ಅಂದರೆ ಕೊಕ್ಕೆಯಿರುವ ಒಂದೇ ಕಡ್ಡಿಯ ಹೆಣಿಗೆ, ಕಲಿಯುತ್ತಿದ್ದೇನೆ. ಚೈನ್ ಹಾಕಲು ಬರುತ್ತದೆ, ಆದರೆ ಅದು ಎಷ್ಟು ಬಿಗಿಯಾಗುತ್ತದೆಂದರೆ ಅದರೊಳಗೆ ಮತ್ತೆ ಕಡ್ಡಿ ತೂರುವುದೇ ಇಲ್ಲ. ಹೇಗೋ ಹತ್ತು ಸಾಲು ಹೆಣೆದರೆ ಎರಡೂ ಬದಿ ಒಳಗೆ ಸರಿದು ಚೌಕದ ಬದಲು ತ್ರಿಕೋನವಾಗುತ್ತದೆ. ವೃತ್ತ ಮಾಡಲು ಹೋದರೆ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ. ಅಜ್ಜಿಯ ಹಳೆಯ ಪುಸ್ತಕದಲ್ಲಿ ‘ಡಬಲ್’ ಎಂದಿರುವುದಕ್ಕೂ ವಿಡಿಯೋದವರು ‘ಡಬಲ್’ ಎನ್ನುವುದಕ್ಕೂ ಹೊಂದುವುದಿಲ್ಲ. ನನ್ನ ಆಸೆಯೆಲ್ಲ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಬೇಕೆಂಬುದು. ನೇರವಾಗಿ ಅದನ್ನೇ ಆರಂಭಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಹೇಳಿಕೊಂಡ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹೊರಟಿವೆ. ನಿಮ್ಮ ಕೈ ಕಲಿತಷ್ಟು ಬೇಗ ಕಣ್ಣು ಕಲಿತಿಲ್ಲ. ವಿಡಿಯೋದಲ್ಲಿ ಕೈಯ ಚಲನೆ ಚೆನ್ನಾಗಿ ಕಾಣಿಸುತ್ತದೆ. ಆದರೆ ಹೆಣೆದು ಮುಗಿದ ಮೇಲೆ ದಾರ ಎಲ್ಲಿ ಹೇಗೆ ಕುಳಿತಿದೆ, ಮುಂದಿನ ಸಾಲಿನಲ್ಲಿ ಕಡ್ಡಿಯನ್ನು ಯಾವ ಕಂಡಿಯಲ್ಲಿ ತೂರಿಸಬೇಕು, ಯಾವುದನ್ನು ಎಣಿಸಬೇಕು, ಯಾವುದನ್ನು ಎಣಿಸಬಾರದು ಎಂಬುದನ್ನು ನಿಲ್ಲಿಸಿ ತೋರಿಸುವವರು ಕಡಿಮೆ. ಅಕ್ಷರ ಬರೆಯಲು ಕಲಿತ ಮಗು ತಾನು ಬರೆದದ್ದನ್ನೇ ಓದಲಾರದೆ ಇದ್ದರೆ ಹೇಗೋ ಹಾಗೆ. ಆದ್ದರಿಂದ ಈ ಉತ್ತರದಲ್ಲಿ ಹೆಣೆಯುವ ಕ್ರಮದ ಜೊತೆಜೊತೆಗೇ ಹೆಣಿಗೆಯನ್ನು ಓದುವ ಕ್ರಮವನ್ನೂ ಹೇಳುತ್ತೇನೆ.

ಮೊದಲು ಸಾಮಗ್ರಿಯ ವಿಷಯ, ಚುಟುಕಾಗಿ. ಕಲಿಯುವಾಗ ತಿಳಿಬಣ್ಣದ, ನಯವಾದ, ನೂಲೆಳೆಗಳು ಬಿಡಿಬಿಡಿಯಾಗಿ ಏಳದಂಥ ದಾರ ಇರಲಿ. ಕಪ್ಪು, ಕಡುನೀಲಿ, ತುಪ್ಪಳದಂತೆ ನವಿರೆದ್ದ ದಾರಗಳು ಅಂಗಡಿಯಲ್ಲಿ ಎಷ್ಟೇ ಚೆಂದ ಕಂಡರೂ ಅವುಗಳಲ್ಲಿ ಹೆಣಿಗೆಯ ಕಂಡಿಗಳು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಪೇಟೆಗಳಲ್ಲಿ ‘ಉಲ್ಲನ್’ ಎಂದು ಕೊಡುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್ ಆಗಿರುತ್ತದೆ. ಅಭ್ಯಾಸಕ್ಕೆ ಅದರಿಂದ ಏನೂ ಕೊರತೆಯಿಲ್ಲ, ಮುಗಿದ ಮೇಲೆ ಬಿಸಿ ಇಸ್ತ್ರಿ ಇಡಬಾರದು ಎಂಬುದನ್ನಷ್ಟೇ ನೆನಪಿಡಿ. ಮಧ್ಯಮ ದಪ್ಪದ ಇಂಥ ದಾರಕ್ಕೆ 4 ಮಿ.ಮೀ. ಕಡ್ಡಿ ಸರಿಹೋಗುತ್ತದೆ. ಕಡ್ಡಿ ಕೊಳ್ಳುವಾಗ ಅದರ ಮೇಲೆ ಅಚ್ಚಾಗಿರುವ ಮಿಲಿಮೀಟರ್ ಅಳತೆಯನ್ನು ಮಾತ್ರ ನಂಬಬೇಕು. ಅಮೆರಿಕದ ಲೆಕ್ಕದಲ್ಲಿ 8ನೇ ನಂಬರಿನ ಕಡ್ಡಿ 5 ಮಿ.ಮೀ. ದಪ್ಪವಿದ್ದರೆ, ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8ನೇ ನಂಬರು 4 ಮಿ.ಮೀ. ಆಗುತ್ತದೆ, ಸಾಲದ್ದಕ್ಕೆ ಬ್ರಿಟಿಷ್ ಕ್ರಮದಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತ ಹೋಗುತ್ತದೆ.

ಈಗ ಬಿಗಿಯ ಪ್ರಶ್ನೆ. ಕ್ರೋಶಾ ಕಡ್ಡಿಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ. ತುದಿಯಲ್ಲಿ ಕೊಕ್ಕೆ, ಅದರ ಹಿಂದೆ ಸ್ವಲ್ಪ ಕಿರಿದಾದ ಕುತ್ತಿಗೆ, ಆಮೇಲೆ ಒಂದೇ ದಪ್ಪದ ದಂಡು, ಅನಂತರ ಹೆಬ್ಬೆರಳು ಊರಲು ಚಪ್ಪಟೆ ಜಾಗ. ಕಡ್ಡಿಯ ಮೇಲೆ ನಮೂದಾಗಿರುವ 4 ಮಿ.ಮೀ. ಎಂಬುದು ದಂಡಿನ ಅಳತೆಯೇ ಹೊರತು ಕುತ್ತಿಗೆಯದಲ್ಲ. ಹೊಸಬರು ಕುಣಿಕೆ ಎಲ್ಲಿ ಜಾರಿಹೋಗುವುದೋ ಎಂಬ ಅಂಜಿಕೆಯಲ್ಲಿ ಅದನ್ನು ಕುತ್ತಿಗೆಯ ಹತ್ತಿರವೇ ಇಟ್ಟುಕೊಂಡು ದಾರವನ್ನು ಜಗ್ಗುತ್ತಾರೆ. ಆಗ ಕುಣಿಕೆಯ ಗಾತ್ರವನ್ನು ನಿರ್ಧರಿಸುವುದು ಆ ಕಿರಿದಾದ ಕುತ್ತಿಗೆ. ಮುಂದಿನ ಸಾಲಿನಲ್ಲಿ ಅದರೊಳಗೆ ದಂಡು ತೂರಬೇಕೆಂದರೆ ಹೇಗೆ ತೂರೀತು? ಪ್ರತಿಯೊಂದು ಕುಣಿಕೆಯನ್ನೂ ಎಳೆದುಕೊಂಡ ಕೂಡಲೇ ದಂಡಿನ ಮೇಲಕ್ಕೆ ಸರಿಸಿ, ಅಲ್ಲಿ ಅದು ಸರಾಗವಾಗಿ ಹಿಂದೆ ಮುಂದೆ ಜಾರುವಷ್ಟು ಸಡಿಲವಾಗಿದೆಯೇ ಎಂದು ನೋಡಿಕೊಂಡು, ಆಮೇಲೆ ಮುಂದಿನದಕ್ಕೆ ಹೋಗಬೇಕು. ಇದೊಂದು ರೂಢಿಯಾದರೆ ಬಿಗಿಯ ತೊಂದರೆಯ ಮುಕ್ಕಾಲು ಪಾಲು ಮಾಯವಾಗುತ್ತದೆ. ಉಳಿದ ಕಾಲು ಪಾಲಿಗೆ ಹಳಬರ ಉಪಾಯವೊಂದಿದೆ: ಆರಂಭದ ಚೈನನ್ನು ಮಾತ್ರ 4.5 ಅಥವಾ 5 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ 4 ಮಿ.ಮೀ. ಕಡ್ಡಿಗೆ ಬದಲಾಯಿಸಿಕೊಳ್ಳುವುದು.

ಎಡಗೈಯ ಕೆಲಸವನ್ನು ಯಾರೂ ಗಮನಿಸುವುದಿಲ್ಲ, ಆದರೆ ದಾರದ ಸಮತೋಲವೆಲ್ಲ ಇರುವುದು ಅಲ್ಲೇ. ಉಂಡೆಯಿಂದ ಬರುವ ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ನಡುವಿನ ಎರಡು ಬೆರಳುಗಳ ಅಡಿಯಿಂದ ಹಾಯಿಸಿ, ತೋರುಬೆರಳಿನ ಮೇಲೆ ತಂದುಕೊಳ್ಳಿ. ಹೆಬ್ಬೆರಳು ಮತ್ತು ಮಧ್ಯದ ಬೆರಳು ಹೆಣೆದ ಭಾಗವನ್ನು ಕೊಕ್ಕೆಗೆ ತೀರ ಹತ್ತಿರದಲ್ಲಿ ಹಿಡಿದಿರಲಿ. ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿಯಬಹುದು, ತರಕಾರಿ ಹೆಚ್ಚುವ ಚಾಕು ಹಿಡಿದಂತೆಯೂ ಹಿಡಿಯಬಹುದು. ಎರಡರಲ್ಲಿ ಯಾವುದು ಮೇಲೆಂಬ ವಾದಕ್ಕೆ ಅರ್ಥವಿಲ್ಲ. ಎಡಗೈಯಲ್ಲಿ ಕಡ್ಡಿ ಹಿಡಿಯುವವರಿಗೆ ಇಲ್ಲಿ ಹೇಳಿದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲು ಬದಲಾಗುತ್ತದೆ, ಅಷ್ಟೇ.

ಆರಂಭ ಜಾರುಗಂಟಿನಿಂದ. ದಾರದಲ್ಲಿ ಒಂದು ಉಂಗುರ ಮಾಡಿ, ಉಂಡೆಯ ಕಡೆಯ ದಾರವನ್ನು ಆ ಉಂಗುರದೊಳಗಿಂದ ಕುಣಿಕೆಯಾಗಿ ಎಳೆದುಕೊಂಡು ಕಡ್ಡಿಗೆ ಏರಿಸಬೇಕು. ಉಂಡೆಯ ಕಡೆಯ ದಾರವನ್ನು ಜಗ್ಗಿದಾಗ ಕುಣಿಕೆ ಚಿಕ್ಕದಾದರೆ ಗಂಟು ಸರಿ. ಬಾಲದ ತುದಿ ಜಗ್ಗಿದಾಗ ಚಿಕ್ಕದಾದರೆ ಗಂಟು ತಿರುವುಮುರುವಾಗಿದೆ ಎಂದು ತಿಳಿಯಿರಿ. ಚೈನ್ ಹಾಕುವುದೆಂದರೆ ಕೊಕ್ಕೆಯನ್ನು ದಾರದ ಅಡಿಯಿಂದ ತಂದು, ದಾರವು ಹಿಂದಿನಿಂದ ಮುಂದಕ್ಕೆ ಕಡ್ಡಿಯ ಮೇಲೆ ಬೀಳುವಂತೆ ಮಾಡಿ, ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ಅದನ್ನು ಎಳೆದುಕೊಳ್ಳುವುದು. ಇನ್ನು ಮುಂದೆ ನಾನು ‘ದಾರ ಸುತ್ತಿ’ ಎಂದಲ್ಲೆಲ್ಲ ಇದೇ ಚಲನೆ. ಕೊಕ್ಕೆಯನ್ನು ದಾರದ ಮೇಲಿನಿಂದ ಒತ್ತಿ ಹಿಡಿಯುವ ಇನ್ನೊಂದು ಕ್ರಮವೂ ಇದೆ. ಅದರಿಂದ ಹೆಣಿಗೆ ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡವಾಗಿ, ಇನ್ನಷ್ಟು ಒತ್ತಾಗಿ ಕೂರುತ್ತದೆ. ಹತ್ತಿ ತುಂಬಿದ ಗೊಂಬೆ ಮಾಡುವವರು ಅದನ್ನು ಬೇಕೆಂದೇ ಬಳಸುತ್ತಾರೆ. ಕೆಲವರು ಗೊತ್ತಿಲ್ಲದೆ ಎರಡನ್ನೂ ಬೆರೆಸುತ್ತಾರೆ. ಬಟ್ಟೆ ಒಂದೊಂದು ಕಡೆ ಒಂದೊಂದು ರೀತಿ ಕಾಣುವುದಕ್ಕೆ ಅದೂ ಒಂದು ಕಾರಣ.

ಹತ್ತು ಚೈನ್ ಹಾಕಿ ನಿಲ್ಲಿಸಿ, ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ನೋಡಿ. ಮುಂಭಾಗದಲ್ಲಿ ಜಡೆ ಹೆಣೆದಂತೆ ಒಂದರೊಳಗೊಂದು ಹೊಕ್ಕ ಎರಡು ಎಳೆಗಳ ಮೊನೆಗಳು ಕಾಣುತ್ತವೆ. ತಿರುಗಿಸಿದರೆ ಬೆನ್ನಿನಲ್ಲಿ ಪ್ರತಿಯೊಂದು ಚೈನಿಗೂ ಒಂದೊಂದು ಸಣ್ಣ ಉಬ್ಬು. ಆ ಎರಡು ಎಳೆಗಳೂ ಈ ಉಬ್ಬೂ ಸೇರಿ ಒಂದು ಚೈನ್. ಎಣಿಸುವಾಗ ಎರಡು ನಿಯಮ: ಕಡ್ಡಿಯ ಮೇಲೆ ಜೀವಂತವಾಗಿರುವ ಕುಣಿಕೆಯನ್ನು ಎಂದಿಗೂ ಎಣಿಸಬಾರದು, ಆರಂಭದ ಗಂಟನ್ನೂ ಎಣಿಸಬಾರದು. ಇಲ್ಲಿ ತಪ್ಪಿದ ಒಂದು ಲೆಕ್ಕ ಬಟ್ಟೆಯ ಕೊನೆಯವರೆಗೂ ಬೆನ್ನು ಹತ್ತುತ್ತದೆ. ಮೊದಲ ಸಾಲನ್ನು ಚೈನಿನ ಮುಂಭಾಗದ ಒಂದೆಳೆಯಲ್ಲಿ ತೂರಿಸಿ ಹೆಣೆಯುವುದು ಸುಲಭ, ಆದರೆ ಅಂಚು ಸಡಿಲವಾಗಿ ಜೋಲುತ್ತದೆ. ಬೆನ್ನಿನ ಉಬ್ಬಿನಲ್ಲಿ ತೂರಿಸಿ ಹೆಣೆದರೆ ಕೆಳಗಿನ ಅಂಚಿನಲ್ಲೂ ಮೇಲಂಚಿನಂತೆಯೇ ಅಂದವಾದ ಜಡೆ ಉಳಿಯುತ್ತದೆ. ಮೊದಮೊದಲು ಇದು ಬೆರಳಿಗೆ ಕಷ್ಟವೆನಿಸಿದರೂ ಮೊದಲ ವಾರದಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಲ್ಲ ಶಿಕ್ಷಕಿಯರೂ ಇದನ್ನು ಒಪ್ಪುವುದಿಲ್ಲ.

ಇನ್ನು ಹೆಸರುಗಳ ಗೊಂದಲ. ಅಜ್ಜಿಯ ಪುಸ್ತಕವೂ ಸರಿ, ವಿಡಿಯೋವೂ ಸರಿ. ಒಂದೇ ಹೆಣಿಗೆಗೆ ಬ್ರಿಟಿಷರದೊಂದು ಹೆಸರು, ಅಮೆರಿಕದವರದೊಂದು ಹೆಸರು. ಅಮೆರಿಕದವರು ಸಿಂಗಲ್ ಎನ್ನುವುದನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದ ಹಾಫ್ ಡಬಲ್ ಬ್ರಿಟಿಷರಿಗೆ ಹಾಫ್ ಟ್ರೆಬಲ್. ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಅಮೆರಿಕದ ಟ್ರೆಬಲ್ ಬ್ರಿಟಿಷರಿಗೆ ಡಬಲ್ ಟ್ರೆಬಲ್. ನಿಮ್ಮ ಅಜ್ಜಿಯ ಪುಸ್ತಕ ಬ್ರಿಟಿಷ್ ಕ್ರಮದ್ದೆಂದು ತೋರುತ್ತದೆ. ಇಂದಿನ ವಿಡಿಯೋಗಳಲ್ಲಿ ಹೆಚ್ಚಾಗಿ ನಡೆಯುವುದು ಅಮೆರಿಕದ ಕ್ರಮ. ಗುರುತು ಹಿಡಿಯುವ ಸುಲಭದ ದಾರಿ ಎಂದರೆ, ಮಾದರಿಯಲ್ಲಿ ಎಲ್ಲಿಯಾದರೂ ‘ಸಿಂಗಲ್’ ಎಂಬ ಮಾತು ಬಂದರೆ ಅದು ಅಮೆರಿಕದ್ದು, ಏಕೆಂದರೆ ಇಂದಿನ ಬ್ರಿಟಿಷ್ ಕ್ರಮದಲ್ಲಿ ಆ ಹೆಸರೇ ಇಲ್ಲ. ಮರಾಠಿಯವರು ಚೈನಿಗೆ ಸಾಖಳಿ ಎಂದೂ ಎತ್ತರದ ಹೆಣಿಗೆಗೆ ಖಾಂಬ್, ಅಂದರೆ ಕಂಬ, ಎಂದೂ ಹೇಳುತ್ತಾರೆ. ನನಗಂತೂ ಈ ‘ಕಂಬ’ ಎಂಬುದೇ ಎಲ್ಲಕ್ಕಿಂತ ಒಪ್ಪುವ ಹೆಸರು, ಕಣ್ಣಿಗೆ ಕಾಣುವುದನ್ನೇ ಅದು ಹೇಳುತ್ತದೆ. ಈ ಉತ್ತರದಲ್ಲಿ ಅಮೆರಿಕದ ಹೆಸರುಗಳನ್ನೇ ಬಳಸುತ್ತೇನೆ.

ಹೆಸರು ಎಷ್ಟೇ ಇರಲಿ, ಚಲನೆ ಇರುವುದು ಒಂದೇ: ತೂರಿಸು, ದಾರ ಸುತ್ತಿ ಹೊರಗೆಳೆ, ಮತ್ತೆ ದಾರ ಸುತ್ತಿ ಕುಣಿಕೆಗಳೊಳಗಿಂದ ಎಳೆದುಕೋ. ತೂರಿಸುವ ಮೊದಲು ಕಡ್ಡಿಗೆ ಎಷ್ಟು ಸಲ ದಾರ ಸುತ್ತಿಕೊಂಡಿರಿ ಎಂಬುದರ ಮೇಲೆ ಹೆಣಿಗೆಯ ಎತ್ತರ ನಿಂತಿದೆ. ಸಿಂಗಲ್ ಕ್ರೋಶಾಕ್ಕೆ ಮೊದಲೇ ಸುತ್ತಿಕೊಳ್ಳುವುದಿಲ್ಲ; ಕಡ್ಡಿ ತೂರಿಸಿ, ದಾರ ಸುತ್ತಿ ಹೊರಗೆಳೆದಾಗ ಕಡ್ಡಿಯ ಮೇಲೆ 2 ಕುಣಿಕೆ ಇರುತ್ತವೆ; ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಮುಗಿಯಿತು. ಡಬಲ್ ಕ್ರೋಶಾಕ್ಕೆ ಒಂದು ಸಲ ದಾರ ಸುತ್ತಿಕೊಂಡೇ ತೂರಿಸಬೇಕು. ದಾರ ಹೊರಗೆಳೆದಾಗ 3 ಕುಣಿಕೆ. ದಾರ ಸುತ್ತಿ ಮೊದಲ ಎರಡರೊಳಗಿಂದ ಎಳೆದರೆ 2 ಉಳಿಯುತ್ತವೆ. ಮತ್ತೊಮ್ಮೆ ಸುತ್ತಿ ಆ ಎರಡರೊಳಗಿಂದ ಎಳೆದರೆ 1. ಅದೇ 3 ಕುಣಿಕೆಗಳನ್ನು ಒಂದೇ ಏಟಿಗೆ ದಾಟಿಸಿದರೆ ಹಾಫ್ ಡಬಲ್ ಆಗುತ್ತದೆ, ಎತ್ತರದಲ್ಲಿ ಅದು ಸಿಂಗಲ್ಲಿಗೂ ಡಬಲ್ಲಿಗೂ ನಡುವೆ ನಿಲ್ಲುತ್ತದೆ. ಟ್ರೆಬಲ್ಲಿಗೆ ಎರಡು ಸಲ ಸುತ್ತಿಕೊಂಡು ತೂರಿಸಿ, 4 ಕುಣಿಕೆಗಳನ್ನು ಎರಡೆರಡಾಗಿ ಮೂರು ಸಲ ಇಳಿಸಬೇಕು. ಇನ್ನು ಸ್ಲಿಪ್ ಹೆಣಿಗೆ ಎಂಬುದಿದೆ, ಅದಕ್ಕೆ ಎತ್ತರವೇ ಇಲ್ಲ ಎನ್ನಬಹುದು: ತೂರಿಸಿ, ದಾರ ಸುತ್ತಿ, ಎಲ್ಲದರೊಳಗಿಂದ ಒಮ್ಮೆಲೇ ಎಳೆದುಬಿಡುವುದು. ಸುತ್ತನ್ನು ಮುಚ್ಚಲು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸದ್ದಿಲ್ಲದೆ ಸರಿಯಲು ಅದು ಬೇಕು.

ಇದರಲ್ಲಿ ಒಂದು ಕ್ಷಣವನ್ನು ಹತ್ತಿರದಿಂದ ನೋಡಬೇಕು. ಕಡ್ಡಿ ತೂರಿಸಿ ಮೊದಲ ಬಾರಿ ದಾರವನ್ನು ಹೊರಗೆಳೆದಾಗ ಮೇಲೆ ಬರುವ ಕುಣಿಕೆ ಇದೆಯಲ್ಲ, ಆ ಕಂಬ ಎಷ್ಟು ಎತ್ತರವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅದೇ. ಅದನ್ನು ಅಂಚಿನ ಮಟ್ಟಕ್ಕೇ ಬಿಗಿಯಾಗಿ ಉಳಿಸಿದರೆ ಕಂಬ ಕುಳ್ಳಾಗುತ್ತದೆ, ಸ್ವಲ್ಪ ಮೇಲಕ್ಕೆ ಎತ್ತಿದರೆ ನೀಳವಾಗುತ್ತದೆ. ಒಂದೇ ದಾರ, ಒಂದೇ ಕಡ್ಡಿ ಹಿಡಿದ ಇಬ್ಬರ ಹೆಣಿಗೆ ಬೇರೆ ಬೇರೆ ಅಳತೆಗೆ ಬರುವುದಕ್ಕೆ ಮುಖ್ಯ ಕಾರಣ ಇದು. ಎತ್ತರ ಹೆಚ್ಚಿದ್ದರೂ ಕಡಿಮೆಯಿದ್ದರೂ ತಪ್ಪಲ್ಲ. ಸಾಲಿನ ಉದ್ದಕ್ಕೂ ಒಂದೇ ಸಮವಾಗಿ ಎತ್ತಿರಬೇಕು, ಅಷ್ಟೇ. ಉಡುಪನ್ನೇನಾದರೂ ಹೆಣೆಯುವುದಾದರೆ ಮೊದಲು 10 ಸೆಂ.ಮೀ. ಚೌಕದ ತುಂಡೊಂದನ್ನು ಹೆಣೆದು, ಅದರಲ್ಲಿ ಎಷ್ಟು ಕಂಬ, ಎಷ್ಟು ಸಾಲು ಬಂದವೆಂದು ಎಣಿಸಿ ಮಾದರಿಯೊಂದಿಗೆ ತಾಳೆ ನೋಡಬೇಕಾದದ್ದೂ ಇದಕ್ಕಾಗಿಯೇ.

ಹೆಣೆದ ಸಾಲನ್ನು ಮೇಲಿನಿಂದ ಬಗ್ಗಿ ನೋಡಿದರೆ ಮತ್ತೆ ಅದೇ ಜಡೆ ಕಾಣುತ್ತದೆ. ಒಂದೊಂದು ಕಂಬಕ್ಕೂ ಒಂದೊಂದು ತಲೆ, ಒಂದೊಂದು ತಲೆಗೂ ಮುಂದಿನದೊಂದು ಹಿಂದಿನದೊಂದು ಎಂದು ಎರಡು ಎಳೆ. ಬೇರೆ ಏನೂ ಹೇಳಿರದಿದ್ದರೆ ಕಡ್ಡಿಯನ್ನು ಎರಡೂ ಎಳೆಗಳ ಅಡಿಯಿಂದ ತೂರಿಸಬೇಕು. ಬರಿಯ ಹಿಂದಿನ ಎಳೆಯಲ್ಲಿ ತೂರಿಸುತ್ತ ಹೋದರೆ ಬಟ್ಟೆಯ ಮೇಲೆ ಗೆರೆಗೆರೆಯಾಗಿ ಏಣು ಏಳುತ್ತದೆ, ಹಿಗ್ಗುವ ಗುಣವೂ ಬರುತ್ತದೆ; ಟೊಪ್ಪಿಗೆಯ ಅಂಚಿಗೆ ಅದು ಬೇಕಾಗುತ್ತದೆ, ನಿಮ್ಮ ಚೌಕಕ್ಕೆ ಬೇಡ. ಎರಡು ಕಂಬಗಳ ನಡುವಿನ ಸಂದಿನಲ್ಲಿ ತೂರಿಸುವುದು ಹೊಸಬರ ಇನ್ನೊಂದು ಸಾಮಾನ್ಯ ತಪ್ಪು, ಏಕೆಂದರೆ ಆ ಸಂದು ತಲೆಗಿಂತ ದೊಡ್ಡದಾಗಿ ಕಂಡು ಕಡ್ಡಿಯನ್ನು ತಾನೇ ಕರೆಯುತ್ತದೆ.

ಈಗ ನಿಮ್ಮ ತ್ರಿಕೋನಕ್ಕೆ ಬರೋಣ. ಸಾಲು ಮುಗಿಸಿ ಬಟ್ಟೆಯನ್ನು ತಿರುಗಿಸಿದಾಗ ಕಡ್ಡಿ ಕೆಳಗಿನ ಅಂಚಿನಲ್ಲಿರುತ್ತದೆ. ಹೊಸ ಸಾಲಿನ ಎತ್ತರಕ್ಕೆ ಏರಲು ಒಂದು ಏಣಿ ಬೇಕು. ಆ ಏಣಿಯೇ ತಿರುವಿನ ಚೈನ್. ಸಿಂಗಲ್ಲಿಗೆ 1, ಹಾಫ್ ಡಬಲ್ಲಿಗೆ 2, ಡಬಲ್ಲಿಗೆ 3, ಟ್ರೆಬಲ್ಲಿಗೆ 4 ಚೈನ್. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ಆ ಏಣಿಯನ್ನು ಕಂಬವೆಂದು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದನ್ನು ಹೇಳಲು ಮರೆಯುತ್ತಾರೆ.

ಸಿಂಗಲ್ಲಿನಲ್ಲಿ 1 ಚೈನ್ ತೀರ ಗಿಡ್ಡ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ 20 ಸಿಂಗಲ್ ಬೇಕಿದ್ದರೆ 21 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಮೊದಲ ಹೆಣಿಗೆ ಹಾಕಬೇಕು; ಮುಂದಿನ ಸಾಲುಗಳಲ್ಲಿ ತಿರುಗಿಸಿ 1 ಚೈನ್ ಹಾಕಿದ ಮೇಲೆ ಮೊಟ್ಟಮೊದಲ ತಲೆಯಲ್ಲೇ ತೂರಿಸಬೇಕು, ಕೊನೆಯಲ್ಲಿ ಕೊನೆಯ ಸಿಂಗಲ್ಲಿನ ತಲೆಗೇ ನಿಲ್ಲಿಸಬೇಕು, ಅದರಾಚೆ ಇರುವ ಹಿಂದಿನ ತಿರುವಿನ ಚೈನಿಗೆ ಹೋಗಬಾರದು. ಡಬಲ್ಲಿನಲ್ಲಿ ವ್ಯವಸ್ಥೆ ಪೂರ್ತಿ ಬೇರೆ. ಅಲ್ಲಿ 3 ಚೈನ್ ಒಂದು ಕಂಬದಷ್ಟೇ ಎತ್ತರವಿರುವುದರಿಂದ ರೂಢಿಯಲ್ಲಿ ಅದೇ ಮೊದಲ ಕಂಬ. 20 ಡಬಲ್ ಬೇಕಿದ್ದರೆ 22 ಚೈನ್ ಹಾಕಿ, ಕಡ್ಡಿಯಿಂದ ನಾಲ್ಕನೆಯ ಚೈನಿನಿಂದ ಹೆಣೆಯತೊಡಗಿದರೆ 19 ಕಂಬಗಳು ಬರುತ್ತವೆ, ಬಿಟ್ಟ 3 ಚೈನ್ ಸೇರಿ 20. ತಿರುಗಿಸಿ 3 ಚೈನ್ ಹಾಕಿದಾಗ ಅದು ಮೊದಲ ತಲೆಯ ಮೇಲೆ ನಿಂತಿರುತ್ತದೆ, ಹಾಗಾಗಿ ಮೊದಲ ತಲೆಯನ್ನು ಬಿಟ್ಟು ಎರಡನೆಯದರಲ್ಲಿ ತೂರಿಸಬೇಕು. ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಆ 3 ಚೈನಿನ ತುದಿಯಲ್ಲಿ, ಅಂದರೆ ಮೂರನೆಯ ಚೈನಿನಲ್ಲಿ, ಕೊನೆಯ ಕಂಬವನ್ನು ನಿಲ್ಲಿಸಬೇಕು.

ನಿಮ್ಮ ಕೈ ತಪ್ಪುತ್ತಿರುವುದು ಬಹುತೇಕ ಇಲ್ಲಿಯೇ. ಆರಂಭದಲ್ಲಿ ಮೊದಲ ತಲೆಯನ್ನು ಸರಿಯಾಗಿ ಬಿಡುತ್ತೀರಿ. ಕೊನೆಯಲ್ಲಿ ಮಾತ್ರ ಆ 3 ಚೈನ್ ಬಳ್ಳಿಯಂತೆ ಪಕ್ಕಕ್ಕೆ ಬಾಗಿಕೊಂಡಿರುವುದರಿಂದ ಅದು ಕಂಬವೆಂದು ಕಣ್ಣಿಗೆ ಹೊಳೆಯದೆ, ಸಾಲು ಮುಗಿಯಿತೆಂದು ತಿರುಗಿಸಿಬಿಡುತ್ತೀರಿ. ಒಂದು ಸಾಲಿಗೆ ಒಂದು ಕಂಬ ನಷ್ಟ. 20ರಿಂದ ಆರಂಭಿಸಿದ್ದು ಹತ್ತನೆಯ ಸಾಲಿಗೆ 11ಕ್ಕೆ ಇಳಿದಿರುತ್ತದೆ. ಪ್ರತಿ ಸಾಲಿಗೂ ಬಟ್ಟೆ ತಿರುಗುವುದರಿಂದ ನಷ್ಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಂಚಿಹೋಗಿ ಎರಡೂ ಬದಿ ಸಮನಾಗಿ ಒಳಗೆ ಸರಿಯುತ್ತವೆ. ಇದಕ್ಕೆ ವಿರುದ್ಧವಾದ ಕಾಯಿಲೆಯೂ ಉಂಟು: ಮೊದಲ ತಲೆಯನ್ನು ಬಿಡದೆ ಅಲ್ಲಿಯೂ ಹೆಣೆದು, ಕೊನೆಯ ಚೈನಿನ ತುದಿಯಲ್ಲೂ ಹೆಣೆದರೆ ಸಾಲಿಗೊಂದು ಕಂಬ ಹೆಚ್ಚುತ್ತ ಬಟ್ಟೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಮೊದಲಿನದನ್ನು ಬಿಡದೆ, ಕೊನೆಯದನ್ನೂ ಹೆಣೆಯದೆ ಹೋದರೆ ಲೆಕ್ಕ 20 ಎಂದೇ ಬರುತ್ತದೆ, ಆದರೂ ಅಂಚು ಹಲ್ಲುಹಲ್ಲಾಗಿ ಏಳುತ್ತದೆ. ಆಕಾರ ನೋಡಿಯೇ ತಪ್ಪು ಯಾವುದೆಂದು ಹೇಳಬಹುದಾದ ಕಸುಬು ಇದು.

ಮದ್ದು ಬಹಳ ಸರಳ. ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಕಂಬದ ತಲೆಗೆ ಬೇರೆ ಬಣ್ಣದ ದಾರದ ಚೂರನ್ನೋ ಸಣ್ಣ ಪಿನ್ನನ್ನೋ ಸಿಕ್ಕಿಸಿ; ಡಬಲ್ಲಿನಲ್ಲಿ 3 ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಪಿನ್ನು ಬೀಳಲಿ. ಮರಳಿ ಬಂದಾಗ ಪಿನ್ನಿದ್ದಲ್ಲಿ ತೂರಿಸದೆ ತಿರುಗಿಸುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ. ಪ್ರತಿ ಸಾಲಿನ ಕೊನೆಗೆ ಎಣಿಸಿ. ಎಣಿಸುವುದು ಬೇಸರದ ಕೆಲಸ, ಒಪ್ಪುತ್ತೇನೆ. ಎಂಟು ಸಾಲು ಬಿಚ್ಚುವುದು ಅದಕ್ಕಿಂತ ಬೇಸರದ್ದು. ಹಾಗೆಂದು ಬಿಚ್ಚಲು ಅಂಜಬೇಡಿ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ತೆರೆದುಕೊಂಡಿರುತ್ತವೆ, ಕಡ್ಡಿ ಜಾರಿದರೆ ಎದೆ ಧಸಕ್ಕೆನ್ನುತ್ತದೆ. ಕ್ರೋಶಾದಲ್ಲಿ ಯಾವಾಗಲೂ ತೆರೆದಿರುವುದು ಒಂದೇ ಕುಣಿಕೆ. ಕಡ್ಡಿ ತೆಗೆದು ದಾರ ಎಳೆದರೆ ಬೇಕಾದಷ್ಟೇ ಬಿಚ್ಚಿಕೊಂಡು, ನಿಂತಲ್ಲಿ ಕುಣಿಕೆ ಎತ್ತಿಕೊಂಡು ಮುಂದುವರಿಯಬಹುದು.

ವೃತ್ತದ ಪ್ರಶ್ನೆಗೆ ಉತ್ತರ ಶಾಲೆಯ ಗಣಿತದಲ್ಲೇ ಇದೆ. ತ್ರಿಜ್ಯ ಒಂದು ಅಳತೆ ಹೆಚ್ಚಿದರೆ ಪರಿಧಿ ಸುಮಾರು 6.28 ಅಳತೆ ಹೆಚ್ಚಬೇಕು. ಸಿಂಗಲ್ ಹೆಣಿಗೆ ಹೆಚ್ಚುಕಡಿಮೆ ಅಗಲದಷ್ಟೇ ಎತ್ತರ. ಹಾಗಾಗಿ ಒಂದು ಸುತ್ತು ಹೆಚ್ಚಿದಾಗ ಸುಮಾರು 6 ಹೆಣಿಗೆಗಳು ಹೆಚ್ಚಬೇಕು. ದಾರದ ಉಂಗುರದೊಳಗೆ 6 ಸಿಂಗಲ್ ಹೆಣೆದು, ಬಾಲದ ತುದಿ ಎಳೆದು ನಡುವಿನ ತೂತು ಮುಚ್ಚಿ. ಎರಡನೆಯ ಸುತ್ತಿನಲ್ಲಿ ಒಂದೊಂದು ತಲೆಯಲ್ಲೂ ಎರಡೆರಡು ಹೆಣೆದರೆ 12. ಮೂರನೆಯದರಲ್ಲಿ ಒಂದು ತಲೆಗೆ ಒಂದು, ಮುಂದಿನದಕ್ಕೆ ಎರಡು ಎಂಬಂತೆ ಹೋದರೆ 18. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು ಎಂಬ ಲಯದಲ್ಲಿ 24. ಡಬಲ್ ಕಂಬ ಇದರ ಸುಮಾರು ಎರಡರಷ್ಟು ಎತ್ತರವಾದ್ದರಿಂದ ಅಲ್ಲಿ 12, 24, 36 ಎಂದು ಏರುತ್ತದೆ. ಏರಿಕೆ ಕಡಿಮೆಯಾದರೆ ಬಟ್ಟಲಾಗುತ್ತದೆ, ಹೆಚ್ಚಾದರೆ ಅಂಚು ನೆರಿಗೆ ನೆರಿಗೆಯಾಗಿ ಕುಣಿಯುತ್ತದೆ. ನಾನು ಹುಡುಗಿಯಾಗಿದ್ದಾಗ ಹಾಲಿನ ಪಾತ್ರೆಗೆ ಮಣಿ ಕಟ್ಟಿದ ಮುಚ್ಚಳಿಕೆ ಹೆಣೆಯುತ್ತೇನೆಂದು ಹೊರಟು, ಏರಿಕೆಯ ಲೆಕ್ಕ ಗೊತ್ತಿಲ್ಲದೆ, ಸುತ್ತು ಹಾಕುತ್ತ ಹಾಕುತ್ತ ಅದನ್ನು ತೊಟ್ಟಿಲ ಮಗುವಿನ ಕುಲಾವಿ ಮಾಡಿಬಿಟ್ಟಿದ್ದೆ. ನಮ್ಮ ತಾಯಿಯವರು ಏನೂ ಬೈಯದೆ ಅದನ್ನು ದೇವರ ಮನೆಯ ತೆಂಗಿನಕಾಯಿಗೆ ತೊಡಿಸಿ ಇಟ್ಟಿದ್ದರು. ಕುಲಾವಿ ಹೆಣೆಯುವ ಕ್ರಮವೂ ನಿಜಕ್ಕೂ ಅದೇ ತಾನೆ: ಬೇಕಾದ ಅಗಲ ಬರುವವರೆಗೆ ಏರಿಸುತ್ತ ಹೋಗಿ, ಆಮೇಲೆ ಏರಿಕೆ ನಿಲ್ಲಿಸಿ ನೇರವಾಗಿ ಸುತ್ತುವುದು. ನೆರಿಗೆಯನ್ನೂ ಬರಿಯ ತಪ್ಪೆಂದು ತಳ್ಳಿಹಾಕುವಂತಿಲ್ಲ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನ ಒಂದೇ ಪ್ರಮಾಣದಲ್ಲಿ ಹೆಣಿಗೆಗಳನ್ನು ಏರಿಸುತ್ತ ಹೋಗಿ, ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು, ಅಂದರೆ ಎಲ್ಲೆಡೆಯೂ ಹೀಗೆ ನೆರಿಗೆಗಟ್ಟುತ್ತ ಹರಡುವ ಮೇಲ್ಮೈಯನ್ನು, ಕೈಯಲ್ಲಿ ಹಿಡಿದು ನೋಡಬಹುದಾದ ಮಾದರಿಯಾಗಿ ಕ್ರೋಶಾದಲ್ಲೇ ಮಾಡಿ ತೋರಿಸಿದರು.

ಇಳಿಸುವ ಕ್ರಮವೂ ಗೊತ್ತಿರಲಿ. ಪಕ್ಕಪಕ್ಕದ ಎರಡು ತಲೆಗಳಿಂದ ಒಂದೊಂದು ಕುಣಿಕೆ ಎಳೆದುಕೊಂಡು, ಕಡ್ಡಿಯ ಮೇಲೆ 3 ಕುಣಿಕೆಗಳಾದಾಗ ದಾರ ಸುತ್ತಿ ಮೂರರೊಳಗಿಂದಲೂ ಎಳೆದರೆ ಎರಡು ಸಿಂಗಲ್ ಸೇರಿ ಒಂದಾಗುತ್ತದೆ. ಒಂದು ತಲೆಯನ್ನು ಸುಮ್ಮನೆ ಹಾರಿಸಿದರೂ ಲೆಕ್ಕ ಇಳಿಯುತ್ತದೆ, ಆದರೆ ಅಲ್ಲಿ ತೂತು ಉಳಿಯುತ್ತದೆ. ಮುಗಿಸುವಾಗ 15 ಸೆಂ.ಮೀ. ಬಾಲ ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಎಳೆದು, ದೊಡ್ಡ ಕಣ್ಣಿನ ಮೊಂಡು ಸೂಜಿಯಲ್ಲಿ ಹೆಣಿಗೆಗಳೊಳಗೆ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಹಾಯಿಸಿ. ಒಂದೇ ದಿಕ್ಕಿಗೆ ಹಾಯಿಸಿದ ಬಾಲ ಎರಡು ಒಗೆತಕ್ಕೆ ಹೊರಗೆ ಇಣುಕುತ್ತದೆ.

ಇನ್ನು ಕುಚ್ಚು. ನೇರವಾಗಿ ಅದನ್ನೇ ಆರಂಭಿಸಬೇಡಿ ಎಂದು ಹೇಳುವುದಕ್ಕೆ ನನಗೆ ಮೂರು ಕಾರಣಗಳಿವೆ. ರೇಷ್ಮೆ ದಾರ ಜಾರುತ್ತದೆ, ಹಲವು ಎಳೆಗಳನ್ನು ಒಟ್ಟಿಗೆ ಹಿಡಿದು ಹೆಣೆಯುವಾಗ ಕೊಕ್ಕೆ ಒಂದೆರಡು ಎಳೆಗಳನ್ನು ಬಿಟ್ಟೇ ಎಳೆಯುತ್ತದೆ. ಕಡ್ಡಿ 1 ಮಿ.ಮೀ. ಆಸುಪಾಸಿನ ಉಕ್ಕಿನದು, ಅದರಲ್ಲಿ ಹೆಣೆದ ತಲೆಯ ಎರಡೆಳೆಗಳನ್ನು ಅಭ್ಯಾಸವಿಲ್ಲದ ಕಣ್ಣು ಗುರುತಿಸಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಕಡ್ಡಿ ತೂರುವುದು ಸೀರೆಯ ಬಟ್ಟೆಯೊಳಗೆ. ಉಲ್ಲನ್ನಿನ ಚೌಕವನ್ನು ಹತ್ತು ಸಲ ಬಿಚ್ಚಬಹುದು, ರೇಷ್ಮೆ ಸೆರಗಿನಲ್ಲಿ ಬಿದ್ದ ತೂತನ್ನು ಬಿಚ್ಚಲಾಗುವುದಿಲ್ಲ. ನಯವಾದ ದಾರದ ಕೆಲಸದಲ್ಲಿ ಪಳಗಿದ ಕೈ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಿನ ಊರುಗಳಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಹೆಣೆಯುವ ಹತ್ತಿ ದಾರದ ಲೇಸು ಹೊರದೇಶಗಳಿಗೂ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳಿಂದ ಬಂದ ಕೈಕೆಲಸ ಅಲ್ಲಿ ಹಾಗೆ ನೆಲೆನಿಂತಿದೆ.

ಕುಚ್ಚಿಗೆ ಏರುವ ಮೆಟ್ಟಿಲುಗಳನ್ನು ಹೀಗೆ ಇಟ್ಟುಕೊಳ್ಳಿ. ಮೊದಲು 4 ಮಿ.ಮೀ. ಕಡ್ಡಿಯಲ್ಲಿ 20 ಸಿಂಗಲ್ಲಿನ ಚೌಕ, ಆಮೇಲೆ 20 ಡಬಲ್ಲಿನ ಚೌಕ, ನಾಲ್ಕೂ ಮೂಲೆ ನೆಟ್ಟಗೆ ಬರುವವರೆಗೆ. ಅನಂತರ 2 ಮಿ.ಮೀ. ಕಡ್ಡಿಯಲ್ಲಿ ಹತ್ತಿ ದಾರದಿಂದ ಒಂದು ಸಣ್ಣ ವೃತ್ತ. ಅದು ಚಪ್ಪಟೆಯಾಗಿ ಕೂತರೆ, ಹಳೆಯ ಕರವಸ್ತ್ರವೊಂದರ ಅಂಚನ್ನು ಕಿರಿದಾಗಿ ಮಡಚಿ ಹೊಲಿದು, ಉಕ್ಕಿನ ಕಡ್ಡಿಯನ್ನು ಆ ಮಡಿಕೆಯ ಕೆಳಗೆ ಚುಚ್ಚಿ, ದಾರವನ್ನು ಮೇಲಕ್ಕೆಳೆದು ಸಿಂಗಲ್ ಹಾಕುವುದನ್ನು ಅಭ್ಯಾಸ ಮಾಡಿ. ಎರಡು ಸಿಂಗಲ್ಲುಗಳ ನಡುವೆ ಎರಡೆರಡು ಚೈನ್ ಇರಲಿ. ಕುಚ್ಚಿನ ಅಡಿಪಾಯದ ಸಾಲೆಂದರೆ ಇದೇ. ಇದರ ಮೇಲಿನ ಸಾಲಿನಲ್ಲಿ ಐದೈದು ಚೈನಿನ ಕಮಾನು, ಕಮಾನಿನೊಳಗೆ ಡಬಲ್ ಕಂಬಗಳ ಗುಂಪು, ನಡುವೆ ಕುಣಿಕೆಯೊಳಗೆ ಏರಿಸಿದ ಮಣಿ. ಎಷ್ಟೇ ಬೆಡಗಿನ ಕುಚ್ಚಾದರೂ ಅದರ ಒಳಗಿರುವುದು ಚೈನು, ಸಿಂಗಲ್ಲು, ಡಬಲ್ಲು, ಈ ಮೂರೇ. ಚುಚ್ಚುವ ಅಂತರ ಸಮವಾಗಿರಲು ಅಂಚಿನ ಮೇಲೆ ಸೀಮೆಸುಣ್ಣದಿಂದ ಅರ್ಧ ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟುಕೊಳ್ಳಬಹುದು. ಅಂತರ ಹತ್ತಿರವಾದರೆ ಅಂಚು ಅಲೆಅಲೆಯಾಗುತ್ತದೆ, ದೂರವಾದರೆ ಬಟ್ಟೆ ಸುರುಟಿಕೊಳ್ಳುತ್ತದೆ. ವೃತ್ತದಲ್ಲಿ ನೋಡಿದ ಏರಿಕೆಯ ಲೆಕ್ಕವೇ ಇಲ್ಲಿಯೂ ಇದೆ.

ಕರವಸ್ತ್ರದ ನಾಲ್ಕೂ ಅಂಚು ಸುರುಟದೆ ಕೂತ ಮೇಲೆ, ಮೊದಲ ಸೀರೆಗೆ ದಪ್ಪ ನೇಯ್ಗೆಯ ಹತ್ತಿಯದನ್ನೇ ಆರಿಸಿಕೊಳ್ಳಿ. ಸೆರಗಿನ ನಡುವಿನಿಂದ ತೊಡಗಬೇಡಿ. ಉಟ್ಟಾಗ ಒಳಕ್ಕೆ ಬೀಳುವ ಮೂಲೆಯಿಂದ ಆರಂಭಿಸಿ, ಏಕೆಂದರೆ ಮೊದಲ ಒಂದು ಗೇಣು ಯಾರಿಗೂ ಸರಿಯಾಗಿ ಬರುವುದಿಲ್ಲ.